ಬರ್ಲಿನ್ ಇರಲಿ, ಆ ಹಸುವಿನ ಕತೆ ಬರೆಯಿರಿ

ನಮಸ್ಕಾರ,

ನಿಮ್ಮ ‘ಈ ನೆಲದಲ್ಲಿ ಸಿನಿಮಾ ಬೆಳೆಯುವುದಿಲ್ಲ’ ಲೇಖನ ಓದಿದೆ. ಈಗ ಇರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅದನ್ನು ಹುಡುಕಿಕೊಂಡು ನೀವು ನೇರ ಕೊನೆಗೆ ಹಾರುತ್ತೀರಿ. ಆದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಸಿಕ್ಕಿಕೊಂಡಿದೆ. ನೀವು ಅದನ್ನು ಅರ್ಧ ಪ್ಯಾರಾದಲ್ಲಿ ಮುಗಿಸಿ ಮುಂದೆ ಹೋಗಿದ್ದೀರಿ.

ನೀವು ಹೇಳಿರುವುದು ಇಷ್ಟು. ಗೆಳೆಯರೆಲ್ಲ ಕೈಯಿಂದ ದುಡ್ಡು ಹಾಕಿ ತಿಪಟೂರಿನ ಹತ್ತಿರದ ಒಂದು ಊರಲ್ಲಿ ಸಿನಿಮಾ ಮಾಡಿದಿರಿ. ಥಿಯೇಟರಿನಲ್ಲಿ ಅದು ಒಂದು ವಾರವೂ ನಿಲ್ಲಲಿಲ್ಲ. ವಿಮರ್ಶಕರೊಬ್ಬರು ಎರಡು ಸ್ಟಾರ್ ಕೊಟ್ಟರು. ಆದ್ದರಿಂದ ಕನ್ನಡದಲ್ಲಿ ವಿಮರ್ಶೆ ಸತ್ತಿದೆ, ಪ್ರೇಕ್ಷಕರಿಗೆ ರುಚಿ ಇಲ್ಲ, ಸರ್ಕಾರವೇ ದುಡ್ಡು ಕೊಟ್ಟು ಸಿನಿಮಾ ಮಾಡಿಸುವ ಯುರೋಪಿಗೆ, ಅದರಲ್ಲೂ ಬರ್ಲಿನ್ನಿಗೆ, ಹೋಗಿ ನೆಲೆಸುತ್ತೇನೆ ಅಂತ ನಿಮ್ಮ ತೀರ್ಮಾನ. ನಿಮಗೆ ಸಿಟ್ಟು ಬಂದದ್ದರಲ್ಲಿ ತಪ್ಪಿಲ್ಲ. ಆದರೆ ಮೊದಲ ಮೂರು ಪುಟಗಳನ್ನು ಬೇರೆ ಯಾರ ಹೆಸರು ಹಾಕಿ ಕಳಿಸಿದ್ದರೂ ನನಗೆ ಗೊತ್ತಾಗುತ್ತಿರಲಿಲ್ಲ. ಸಿನಿಮಾ ಸೋತವರ ಸಿಟ್ಟು ನನ್ನ ಮೇಜಿಗೆ ಬಹಳ ಬರುತ್ತದೆ.

ಆ ವಿಮರ್ಶಕರ ಹೆಸರು, ಅವರಿಗೆ ಯಾರು ದುಡ್ಡಿನ ಕವರ್ ಕೊಟ್ಟಿರಬಹುದು ಎಂಬ ಊಹೆ, ಎರಡನ್ನೂ ಹೊಡೆದುಹಾಕಿದ್ದೇನೆ. ಸಾಕ್ಷಿ ನಿಮ್ಮ ಹತ್ತಿರ ಇಲ್ಲ, ಕೋರ್ಟಿಗೆ ಅಲೆಯುವ ಉತ್ಸಾಹ ನನಗಿಲ್ಲ. ಅದಕ್ಕಿಂತ ಮುಖ್ಯವಾದ ವಿಷಯ ಬೇರೆ ಇದೆ. ‘ಪಾತ್ರಗಳು ಎಲ್ಲೆಲ್ಲೋ ನೋಡುತ್ತವೆ, ಏನನ್ನು ನೋಡುತ್ತಿವೆ ಅಂತ ಕೊನೆಗೂ ತಿಳಿಯುವುದಿಲ್ಲ’ ಅಂತ ಅವರು ಬರೆದದ್ದನ್ನು ನೀವೇ ಎತ್ತಿ ಹಾಕಿದ್ದೀರಿ. ಅದು ನಿಜವೋ ಸುಳ್ಳೋ? ಅದಕ್ಕೆ ನಿಮ್ಮ ಲೇಖನದಲ್ಲಿ ಉತ್ತರವೇ ಇಲ್ಲ. ಅವರ ಯೋಗ್ಯತೆ ಬಗ್ಗೆ ಮಾತ್ರ ಒಂದು ಪುಟ ಇದೆ.

ಫ್ರಾನ್ಸಿನ ನಿರ್ದೇಶಕ ಟ್ರುಫೋ ಹೆಸರು ತಂದಿದ್ದೀರಿ. ಎಲ್ಲರನ್ನೂ ಬೈದು ಬೈದೇ ನಿರ್ದೇಶಕನಾದ ಎಂಬ ಅರ್ಥದಲ್ಲಿ. 1954ರಲ್ಲಿ ‘ಕಾಯೇ ದು ಸಿನೆಮಾ’ ಎಂಬ ಫ್ರೆಂಚ್ ಸಿನಿಮಾ ಪತ್ರಿಕೆಯಲ್ಲಿ ಬಂದ ಆತನ ಪ್ರಸಿದ್ಧ ಲೇಖನವನ್ನು ದಯವಿಟ್ಟು ಒಮ್ಮೆ ಪೂರ್ತಿ ಓದಿ. ಬೈಗುಳ ಇದೆ, ಖಾರವಾಗಿಯೇ ಇದೆ. ಆದರೆ ಬೈಯುವ ಮುಂಚೆ ಆತ ಏನು ಮಾಡಿದ ನೋಡಿ. ಬೆರ್ನಾನೋಸ್ ಬರೆದ ಒಂದು ಕಾದಂಬರಿಗೆ ಆಗಿನ ಹೆಸರಾಂತ ಚಿತ್ರಕಥೆಗಾರ ಒರಾಂಶ್ ಚಿತ್ರಕಥೆ ಮಾಡಿದ್ದ. ಆ ಚಿತ್ರಕಥೆ ಸಿನಿಮಾ ಆಗಲೇ ಇಲ್ಲ. ಟ್ರುಫೋ ಅದನ್ನು ಹಿಡಿದುಕೊಂಡು, ಕಾದಂಬರಿಯ ಪಕ್ಕದಲ್ಲಿಟ್ಟು, ಯಾವ ದೃಶ್ಯ ಬಿಟ್ಟಿದ್ದಾರೆ, ಯಾವುದನ್ನು ಹೊಸದಾಗಿ ತುರುಕಿದ್ದಾರೆ ಅಂತ ತೋರಿಸಿದ. ಅದೇ ಕಾದಂಬರಿಯನ್ನು 1951ರಲ್ಲಿ ಬ್ರೆಸೋನ್ ಬೇರೆ ರೀತಿ ಸಿನಿಮಾ ಮಾಡಿದ್ದನಲ್ಲ, ಅದನ್ನೂ ಎದುರಿಗಿಟ್ಟ. ಅಷ್ಟು ಕೆಲಸ ಮಾಡಿದವನು ಬೈದರೆ ಕೂತು ಕೇಳಬಹುದು. ನಿಮ್ಮ ಲೇಖನದಲ್ಲಿ ಒಂದೇ ಒಂದು ಕನ್ನಡ ಸಿನಿಮಾದ ಒಂದೇ ಒಂದು ಶಾಟ್ ಇಲ್ಲ. ನಿಮ್ಮ ಸಿನಿಮಾದ್ದೂ ಇಲ್ಲ!

‘ಹಳ್ಳಿ ಜನಕ್ಕೆ ಇಂಥದ್ದೆಲ್ಲ ಅರ್ಥ ಆಗಲ್ಲ’ ಎಂಬ ಸಾಲನ್ನೂ ತೆಗೆಯಿರಿ. ಕೆ.ವಿ. ಸುಬ್ಬಣ್ಣನವರು ಹೆಗ್ಗೋಡಿನಲ್ಲಿ ನೀನಾಸಮ್ ಚಿತ್ರಸಮಾಜ ಶುರು ಮಾಡಿದ್ದು 1973ರಲ್ಲಿ. ಅಡಿಕೆ ತೋಟದ ಜನ ಅಲ್ಲಿ ಕೂತು ಜಗತ್ತಿನ ದೊಡ್ಡ ದೊಡ್ಡ ಸಿನಿಮಾ ನೋಡಿದ್ದಾರೆ, ಚರ್ಚೆ ಮಾಡಿದ್ದಾರೆ.

ಇನ್ನು ನೀವು ಬರೆದ ಬರ್ಲಿನ್. ಹಿಮ, ಕೆಫೆ, ಟ್ರಾಮ್, ಹಳೆಯ ಗೋಡೆಯ ತುಂಡು. ಅಲ್ಲಿಗೆ ಹೋಗದವರೂ ಇದನ್ನು ಬರೆಯಬಲ್ಲರು. ಹೋಗಲು ನಿಜವಾಗಿ ಹೊರಟಿರುವವರು ಬೇರೆ ವಿಷಯ ಬರೆಯುತ್ತಾರೆ. ಜರ್ಮನಿಗೆ ಓದಲು ಹೋಗುವವರು ಸಾಮಾನ್ಯವಾಗಿ ವೀಸಾಕ್ಕೆ ಮುಂಚೆ, ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಬ್ಲಾಕ್ಡ್ ಅಕೌಂಟಿನಲ್ಲಿ ಅಲ್ಲಿನ ಖರ್ಚಿನ ದುಡ್ಡು ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಅದು ವರ್ಷಕ್ಕೆ 11,904 ಯೂರೋ ಆಯಿತು, ಅಂದರೆ ಹತ್ತು ಲಕ್ಷ ರೂಪಾಯಿಗೂ ಮೇಲೆ. ಅಲ್ಲಿನ ಎಷ್ಟೋ ಸರ್ಕಾರಿ ಫಿಲ್ಮ್ ಶಾಲೆಗಳಲ್ಲಿ ಪಾಠ ನಡೆಯುವುದು ಜರ್ಮನ್ ಭಾಷೆಯಲ್ಲಿ. ಆ ದುಡ್ಡು ಎಲ್ಲಿಂದ ತರುತ್ತೀರಿ, ಮನೆಯಲ್ಲಿ ಏನು ಹೇಳಿದ್ದೀರಿ, ಜರ್ಮನ್ ಕ್ಲಾಸಿಗೆ ಸೇರಿದ್ದೀರಾ? ಇದನ್ನು ಬರೆದಿದ್ದರೆ ನಿಮ್ಮ ಕನಸನ್ನು ನಾನು ನಂಬುತ್ತಿದ್ದೆ.

ಇನ್ನೊಂದು ಮಾತು. ಯುರೋಪಿನ ದುಡ್ಡು ಬೇಕಾದರೆ ಯುರೋಪಿನಲ್ಲೇ ಇರಬೇಕು ಎಂದುಕೊಂಡಿದ್ದೀರಿ. ರೋಟರ್‌ಡ್ಯಾಮ್ ಚಿತ್ರೋತ್ಸವದ ಹ್ಯೂಬರ್ಟ್ ಬಾಲ್ಸ್ ಫಂಡ್ ಇರುವುದೇ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದಂಥ ಕಡೆ ಸಿನಿಮಾ ಮಾಡುವವರಿಗಾಗಿ. 2024ರಲ್ಲಿ ಕಾನ್‌ನಲ್ಲಿ ಗ್ರಾಂಡ್ ಪ್ರಿ ಪ್ರಶಸ್ತಿ ಗೆದ್ದ ಪಾಯಲ್ ಕಪಾಡಿಯಾ ಅವರ ಸಿನಿಮಾಕ್ಕೂ ಆ ಫಂಡ್ ನೆರವಾಗಿತ್ತು. ಕತೆ ನಡೆಯುವುದು ಮುಂಬೈಯಲ್ಲಿ, ಮಾತು ಹೆಚ್ಚಾಗಿ ಮಲಯಾಳಂ. ನಮ್ಮಲ್ಲೇ ನೋಡಿ. ರಾಮ್ ರೆಡ್ಡಿ ಸಿನಿಮಾ ಕಲಿಯಲು ಪ್ರಾಗ್‌ಗೆ ಹೋದರು, ಸರಿ. ಕಲಿತು ಬಂದು ‘ತಿಥಿ’ ಮಾಡಿದ್ದು ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಕ್ಯಾಮೆರಾ ಮುಂದೆ ಎಂದೂ ನಿಲ್ಲದ ಜನರನ್ನು ಇಟ್ಟುಕೊಂಡು. 2015ರಲ್ಲಿ ಲೊಕಾರ್ನೋ ಚಿತ್ರೋತ್ಸವದಲ್ಲಿ ಅದಕ್ಕೆ ಎರಡು ಪ್ರಶಸ್ತಿ ಬಂತು. 2022ರಲ್ಲಿ ಬೂಸಾನ್‌ನಲ್ಲಿ ಗೆದ್ದ ‘ಶಿವಮ್ಮ’ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ, ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸಿನ ಕತೆ. ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ, ಖಂಡಿತ ಹೋಗಿ. ಆದರೆ ‘ಇಲ್ಲಿ ಏನೂ ಆಗಲ್ಲ’ ಎಂಬುದನ್ನು ಕಾರಣವಾಗಿ ಕೊಟ್ಟರೆ ಓದುಗರು ನಂಬುವುದಿಲ್ಲ.

ಈಗ ಆ ಅರ್ಧ ಪ್ಯಾರಾ. ನಾಲ್ಕನೇ ಪುಟದಲ್ಲಿದೆ.

ಅಜ್ಜಿ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಾರೆ. ಪಕ್ಕದ ಮನೆಯಲ್ಲಿ ಮಿಕ್ಸಿ ಹಾಕಿದ್ದರಿಂದ ಶೂಟಿಂಗ್ ಹೊತ್ತಿನಲ್ಲೇ ಹಿಡಿಯುವ ಸಿಂಕ್ ಸೌಂಡ್ ಹಾಳಾಗಿ ಬೆಳಗ್ಗೆಯಿಂದ ಒಂದು ಟೇಕೂ ಓಕೆ ಆಗಿಲ್ಲ. ಕೊನೆಗೆ ಮಿಕ್ಸಿ ನಿಂತಿತು, ಅಷ್ಟರಲ್ಲಿ ಫ್ರೇಮಿನೊಳಗೆ ಒಂದು ಹಸು ತಾನಾಗಿ ನಡೆದು ಬಂತು. ಅಜ್ಜಿ ತಲೆ ಎತ್ತಿ ನೋಡಿದರು. ಅದೇ ಬೆಸ್ಟ್ ಟೇಕ್. ಆಮೇಲೆ ಸೆನ್ಸಾರಿಗೆ ಹೋಗುವಾಗ ತಿಳಿಯಿತು: ಸಿನಿಮಾದಲ್ಲಿ ಪ್ರಾಣಿ ಬಳಸಿದರೆ ಶೂಟಿಂಗಿಗೆ ಮೊದಲೇ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು, ಆಮೇಲೆ ಎನ್‌ಒಸಿ ಬೇಕು, ಆ ಆಫೀಸು ಇರುವುದು ಹರಿಯಾಣದ ಬಲ್ಲಭಗಡದಲ್ಲಿ. ಹಸು ಬರುವುದಕ್ಕೆ ಮೊದಲೇ ಶಾಟ್ ಕತ್ತರಿಸಿದಿರಿ. ಅಜ್ಜಿಯ ಕ್ಲೋಸಪ್ ಮಾತ್ರ ಉಳಿಯಿತು.

ವಿಮರ್ಶಕರು ‘ಏನನ್ನು ನೋಡುತ್ತಿವೆ ತಿಳಿಯುವುದಿಲ್ಲ’ ಅಂದದ್ದು ಈ ಶಾಟ್ ಬಗ್ಗೆಯೇ ಅಲ್ವಾ? ಅವರಿಗೆ ಹಸುವಿನ ವಿಷಯ ಗೊತ್ತಿರಲಿಲ್ಲ. ಆದರೂ ಅಲ್ಲಿ ಏನೋ ಖಾಲಿ ಇದೆ ಅಂತ ಕಂಡಿತ್ತು. ನೀವು ಯಾರನ್ನು ಕುರುಡ ಅಂದಿರೋ ಅವರ ಕಣ್ಣಿಗೇ ಅದು ಬಿದ್ದಿದೆ. ದುಡ್ಡಿಲ್ಲದ ಸಿನಿಮಾ, ವಿಮರ್ಶೆ, ಊರು ಬಿಟ್ಟು ಹೋಗುವ ಆಸೆ, ನೀವು ಬರೆಯಹೊರಟ ಮೂರೂ ಈ ಒಂದು ಶಾಟ್‌ನಲ್ಲಿ ಬಂದು ಕೂಡುತ್ತವೆ.

ಇದನ್ನೇ ಬರೆಯಿರಿ. ಹಸು ಯಾರದು? ಅವರಿಗೆ ಸಿನಿಮಾ ತೋರಿಸಿದಿರಾ? ಕತ್ತರಿಸುವ ದಿನ ಎಡಿಟರ್ ಏನೆಂದರು? ಕ್ಯಾಮೆರಾ ಬಾಡಿಗೆ ಎಷ್ಟು, ಊಟ ಯಾರ ಮನೆಯದು, ಸಾಲ ಎಷ್ಟು ತೀರಿದೆ, ಎಲ್ಲ ಬರಲಿ. ಪಕ್ಕದ ಮನೆಯವರಿಗೆ ಮಿಕ್ಸಿ ನಿಲ್ಲಿಸಿ ಅಂತ ಹೇಳಲು ಹೋದವರು ಯಾರು, ಎಷ್ಟು ಬೈಸಿಕೊಂಡು ಬಂದರು, ಅದೂ ಇರಲಿ. ಬರ್ಲಿನ್ ಆಸೆ ಹುಟ್ಟಿದ್ದು ಎಡಿಟಿಂಗ್ ರೂಮಿನಲ್ಲೋ ಥಿಯೇಟರ್ ಖಾಲಿ ಇದ್ದ ದಿನವೋ, ಅಲ್ಲೇ ಅದನ್ನು ಹೇಳಿ. ‘ವ್ಯವಸ್ಥೆ’, ‘ಮಾಫಿಯಾ’, ‘ಸೃಜನಶೀಲತೆಯ ಕಗ್ಗೊಲೆ’ ಇವು ಬೇಡ.

ಸಾವಿರದ ಇನ್ನೂರು ಪದ ಸಾಕು. ಮುಂದಿನ ತಿಂಗಳ ಹದಿನೈದರೊಳಗೆ ಬಂದರೆ ಆ ಸಂಚಿಕೆಗೇ ನೋಡುತ್ತೇನೆ. ಸಂಭಾವನೆ ಜಾಸ್ತಿ ಏನಿಲ್ಲ, ಆದರೆ ತಡ ಮಾಡುವುದಿಲ್ಲ. ಅಂದ ಹಾಗೆ, ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ಬದಲಿಸಿ ಕಳಿಸಿ. ಈ ಸಲ ನಿಮ್ಮ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ, ಟ್ರುಫೋ ಯಾರೆಂದು ಗುರುತು ಹಿಡಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಇಂತಿ,
ಸಂಪಾದಕ