ಮಾಡೆಲ್ ಹಡಗಿಗೆ ಕಡಲು ಮಾಡುವುದು ಹೇಗೆ? ಕೊಡಗಿನ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: 1:350 ಸ್ಕೇಲಿನ ಯುದ್ಧನೌಕೆ ಕಟ್ಟಿ ಮುಗಿಸಿದ್ದೇನೆ. ಸಮುದ್ರಕ್ಕೆಂದು ಎಪಾಕ್ಸಿ ರೆಸಿನ್‌ಗೆ ನೀಲಿ ಬಣ್ಣ ಬೆರೆಸಿ ಸುರಿದೆ. ದುಡ್ಡು ಜಾಸ್ತಿನೇ ಖರ್ಚಾಯಿತು. ನೋಡಿದವರೆಲ್ಲ ಜೆಲ್ಲಿ ತರ ಇದೆ ಅಂತಾರೆ. ಎಲ್ಲಿ ತಪ್ಪಾಯಿತು?
– ಓದುಗರೊಬ್ಬರು, ವಿರಾಜಪೇಟೆ

ರೆಸಿನ್ ಕೆಟ್ಟದ್ದೇನಲ್ಲ. ನೀವು ಮಾಡಹೊರಟ ನೀರಿಗೆ ಅದರ ಅಗತ್ಯ ಇರಲಿಲ್ಲ, ಅಷ್ಟೆ.

ನಿಮಗೆ ಮಾಕುಟ್ಟ ಘಾಟಿ ಇಳಿದರೆ ಕಣ್ಣೂರು. ಮುಂದಿನ ಸಲ ಪಯ್ಯಾಂಬಲಂ ಬೀಚಿಗೆ ಹೋದಾಗ ದಡದ ನೀರು ಬಿಡಿ, ದೂರದ ನೀರನ್ನು ಸ್ವಲ್ಪ ಹೊತ್ತು ನೋಡಿ. ಅದರ ಒಳಗೆ ಏನಾದರೂ ಕಾಣುತ್ತದಾ? ಏನೂ ಕಾಣುವುದಿಲ್ಲ. ಕಾಣುವುದು ಮೇಲ್ಮೈ, ಅದರ ಮೇಲೆ ಬಿದ್ದ ಆಕಾಶ. ಆಳ ಸಮುದ್ರದಲ್ಲಿರುವ ಹಡಗಿನ ಸುತ್ತ ಪಾರದರ್ಶಕ ನೀರು ಹಾಕಿದರೆ ಕಣ್ಣು ಒಳಗಿಳಿದು ತಳ ಹುಡುಕುತ್ತದೆ. ತಳ ಸಿಕ್ಕಿದ ಕೂಡಲೇ ಸಮುದ್ರದ ಆಳ ಕೆಲವೇ ಮಿಲಿಮೀಟರ್ ಅಂತ ಗೊತ್ತಾಗಿಬಿಡುತ್ತದೆ.

ಕಡಲಿನ ಬಣ್ಣ ಎಲ್ಲಿಂದ ಬರುತ್ತದೆ ಅನ್ನುವುದನ್ನು ನಮ್ಮವರೇ ಹಡಗಿನ ಮೇಲೆ ನಿಂತು ಪರೀಕ್ಷಿಸಿದ್ದಾರೆ. ನೀರಿನ ನೀಲಿ ಅಂದರೆ ಆಕಾಶದ ಪ್ರತಿಬಿಂಬ ಅನ್ನುವುದು ಬ್ರಿಟಿಷ್ ವಿಜ್ಞಾನಿ ಲಾರ್ಡ್ ರೇಲಿಯ ಮಾತಾಗಿತ್ತು. 1921ರ ಸಮುದ್ರಯಾನದಲ್ಲಿ ಸಿ.ವಿ. ರಾಮನ್ ನಿಕೋಲ್ ಪ್ರಿಸಂ (ಬೆಳಕನ್ನು ಸೋಸುವ ಹರಳು) ಹಿಡಿದು ಮೇಲ್ಮೈಯ ಪ್ರತಿಫಲನವನ್ನು ತಡೆದು ನೋಡಿದರು. ನೀಲಿ ಹೋಗಲಿಲ್ಲ, ಇನ್ನೂ ಗಾಢವಾಗಿ ಕಂಡಿತು. ಅಂದರೆ ನೀರಿನ ಒಳಗಿಂದ ಚದುರಿ ಬರುವ ಬೆಳಕಿಗೂ ತನ್ನದೇ ಬಣ್ಣ ಇದೆ. ಮಾಡೆಲ್ ಮಾಡುವವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಒಳಗಿಂದ ಬರುವ ಬಣ್ಣವನ್ನು ನೀವು ಪೇಂಟಿನಲ್ಲಿ ಕೊಡಬೇಕು. ಆಕಾಶದ ಕೆಲಸವನ್ನು ಮೇಲಿನ ಹೊಳಪಿನ ವಾರ್ನಿಷ್ ಮಾಡುತ್ತದೆ, ಯಾಕೆಂದರೆ ಅದು ನಿಮ್ಮ ಕೋಣೆಯ ಕಿಟಕಿಯ ಬೆಳಕನ್ನು ನಿಜವಾಗಿಯೇ ಪ್ರತಿಫಲಿಸುತ್ತದೆ. ಆಕಾಶದ ತಿಳಿನೀಲಿಯನ್ನೂ ಪೇಂಟಿನಲ್ಲೇ ಬಳಿದರೆ ಒಂದೇ ಕೆಲಸ ಎರಡು ಸಲ ಮಾಡಿದಂತಾಗುತ್ತದೆ. ಹೆಚ್ಚಿನ ಮಾಡೆಲ್ ಸಮುದ್ರಗಳು ಈಜುಕೊಳದ ಬಣ್ಣಕ್ಕೆ ತಿರುಗುವುದು ಹೀಗೆ. ಹಾಗಾಗಿ ಪೇಂಟು ನಿಮಗೆ ಅನ್ನಿಸುವುದಕ್ಕಿಂತ ಕಪ್ಪಾಗಿರಲಿ.

ಈಗ ಮಾಡುವ ರೀತಿ. ಪ್ಲೈವುಡ್ ಮೇಲೆ ಥರ್ಮಾಕೋಲ್ ಹಾಳೆ ಅಂಟಿಸಿ, ಹಡಗು ನೀರಿನ ಗೆರೆಯವರೆಗೆ ಕೂರುವಂತೆ ಗುಂಡಿ ಕೊರೆಯಿರಿ. ಹಡಗಿಗೆ ತೆಳು ಪ್ಲಾಸ್ಟಿಕ್ ಸುತ್ತಿ ಅಲ್ಲೇ ಕೂರಿಸಿಕೊಂಡು ಕೆಲಸ ಮಾಡಿ. ಫೆವಿಕಾಲ್‌ಗೆ ಸಮ ನೀರು ಬೆರೆಸಿ ಬಳಿಯಿರಿ, ಮೇಲೆ ಟಿಶ್ಯೂ ಪೇಪರ್ ಹಾಸಿ, ಮತ್ತೆ ಅದೇ ಫೆವಿಕಾಲ್ ನೀರು ಹಾಕಿ. ಒದ್ದೆಯಾದ ಟಿಶ್ಯೂವನ್ನು ಬ್ರಷ್ಷಿನ ತುದಿಯಿಂದ ಮೆಲ್ಲಗೆ ತಳ್ಳಿದರೆ ಸಣ್ಣ ಸಣ್ಣ ಏಣುಗಳು ಏಳುತ್ತವೆ. ಅವೇ ನಿಮ್ಮ ಅಲೆಗಳು. ಎಲ್ಲವನ್ನೂ ಒಂದೇ ದಿಕ್ಕಿಗೆ, ಅಂದರೆ ಗಾಳಿ ಬೀಸುವ ದಿಕ್ಕಿಗೆ ತಳ್ಳಿ. ನಿಂತ ಹಡಗಾದರೆ ಬಾವುಟವೂ ಅದೇ ದಿಕ್ಕಿಗೆ ಹಾರಬೇಕು. ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ಲನ್ನು ಹಗುರವಾಗಿ ಮುದುಡಿ ಬಿಡಿಸಿ ಅಂಟಿಸಿದರೂ ಆಗುತ್ತದೆ. ಆದರೆ ಅದರ ಮಡಿಕೆಗಳು ಚೂಪು. ಬೆಳಗಿನ ಶಾಂತ ಸಮುದ್ರಕ್ಕೆ ಅಷ್ಟು ಹೊಂದುವುದಿಲ್ಲ.

ಅಲೆಯ ಎತ್ತರದ ಲೆಕ್ಕವನ್ನು ದಯವಿಟ್ಟು ಬಿಡಬೇಡಿ. 1:350ರಲ್ಲಿ 2 ಸೆಂಟಿಮೀಟರ್ ಅಲೆ ಅಂದರೆ ನಿಜದಲ್ಲಿ 7 ಮೀಟರ್. ಅದು ಗಾಳಿಯ ಬಿರುಸನ್ನು 0ಯಿಂದ 12ರವರೆಗೆ ಅಳೆಯುವ ಬ್ಯೂಫರ್ಟ್ ಮಾಪನದಲ್ಲಿ 9, ಜೋರು ಬಿರುಗಾಳಿ. ಅಂಥ ಕಡಲಿನಲ್ಲಿ ನಾವಿಕರನ್ನು ಡೆಕ್ಕಿನ ಮೇಲೆ ಸಾಲಾಗಿ ನಿಲ್ಲಿಸಿದರೆ ಹೇಗೆ ಅಲ್ವಾ? ಅಲ್ಲಲ್ಲಿ ಬಿಳಿ ನೊರೆ ಕಾಣುವ ಸಾಮಾನ್ಯ ಗಾಳಿಯ ದಿನ, ಅಂದರೆ ಬ್ಯೂಫರ್ಟ್ 4ರಲ್ಲಿ, ಅಲೆ ಒಂದು ಮೀಟರ್ ಇರುತ್ತದೆ. ನಿಮ್ಮ ಸ್ಕೇಲಿನಲ್ಲಿ 3 ಮಿಲಿಮೀಟರ್ ಕೂಡ ಇಲ್ಲ! 6 ಮಿಲಿಮೀಟರ್ ಹತ್ತಿರ ಹೋದರೆ ಆಗಲೇ ಬ್ಯೂಫರ್ಟ್ 5.

ಒಣಗಿದ ಮೇಲೆ ಪ್ರಷ್ಯನ್ ಬ್ಲೂ ಅಕ್ರಿಲಿಕ್‌ಗೆ ಚೂರು ಕಪ್ಪು, ಚೂರು ಹಸಿರು ಸೇರಿಸಿ ಬಳಿಯಿರಿ. ಅಲೆಯ ನೆತ್ತಿಯ ಹತ್ತಿರ ಮಾತ್ರ ಹಸಿರು ಜಾಸ್ತಿ ಮಾಡಿ ಸ್ವಲ್ಪ ತಿಳಿಗೊಳಿಸಿ. ಅಲ್ಲಿ ನೀರು ತೆಳುವಾಗಿದ್ದು ಬೆಳಕು ಹಾದು ಬರುತ್ತದೆ. ಹಡಗು ದಡದ ಹತ್ತಿರ ಇದ್ದರೆ ಬಣ್ಣವೇ ಬೇರೆ. ನಮ್ಮ ಸಂಪಾಜೆ ಕಡೆಯಿಂದ ಇಳಿಯುವ ಪಯಸ್ವಿನಿಯ ನೀರು ಚಂದ್ರಗಿರಿ ಹೊಳೆಯಾಗಿ ಕಾಸರಗೋಡಿನ ಹತ್ತಿರ ಕಡಲು ಸೇರುತ್ತದೆ. ಮಳೆಗಾಲದಲ್ಲಿ ಅಂಥ ಅಳಿವೆಗಳ ಮುಂದೆ ನೀಲಿ ಹುಡುಕಿದರೂ ಸಿಗುವುದಿಲ್ಲ, ಮಣ್ಣಿನ ಬಣ್ಣವೇ ಇರುತ್ತದೆ.

ಪೇಂಟಿನ ಮೇಲೆ ಹೊಳಪಿನ ಅಕ್ರಿಲಿಕ್ ವಾರ್ನಿಷ್ ತೆಳುವಾಗಿ ನಾಲ್ಕೈದು ಸಲ ಕೊಡಿ. ನೊರೆಯನ್ನು ಕಟ್ಟಕಡೆಗೆ, ವಾರ್ನಿಷ್ ಆದಮೇಲೆ ಹಾಕಿ. ಸ್ಪಂಜಿನ ಚೂರಿಗೆ ಬಿಳಿ ಬಣ್ಣ ತಾಗಿಸಿ, ಕಾಗದಕ್ಕೆ ಒರೆಸಿ, ಉಳಿದಿದ್ದನ್ನಷ್ಟೇ ಅಲೆಯ ನೆತ್ತಿಗೆ ಮುಟ್ಟಿಸಿ. ನೊರೆ ಹೊಳೆಯುವುದಿಲ್ಲ, ಆದ್ದರಿಂದ ಅದರ ಮೇಲೆ ಮತ್ತೆ ವಾರ್ನಿಷ್ ಬೇಡ. ಹಡಗಿನ ಪಕ್ಕದ ಸಂದನ್ನು ಅಕ್ರಿಲಿಕ್ ಜೆಲ್ ಮೀಡಿಯಂನಿಂದ (ಒಣಗಿದರೆ ಪಾರದರ್ಶಕವಾಗುವ ಬಿಳಿ ಜೆಲ್) ಮುಚ್ಚಿ. ಹಾರ್ಡ್‌ವೇರ್ ಅಂಗಡಿಯ ಸಿಲಿಕೋನ್ ಬಳಸಬೇಡಿ, ಅದರ ಮೇಲೆ ಪೇಂಟ್ ನಿಲ್ಲುವುದಿಲ್ಲ.

ರೆಸಿನ್ ಬೇಕಾಗುವುದು ತಳ ಕಾಣಲೇಬೇಕಾದ ಕಡೆ: ಜೆಟ್ಟಿಯ ಬುಡ, ಹವಳದ ದಿಬ್ಬ, ನೀರಿನೊಳಗಿರುವ ಜಲಾಂತರ್ಗಾಮಿ. ಈಗಾಗಲೇ ಸುರಿದದ್ದನ್ನು ಕೀಳಬೇಡಿ. ಉಪ್ಪುಕಾಗದ ಹಾಕಿ ಒರಟು ಮಾಡಿ, ಅದರ ಮೇಲೇ ಟಿಶ್ಯೂ ಹಾಸಿ ಮುಂದುವರಿಸಿ.

ಪ್ರಶ್ನೆ: ಜುಲೈನಲ್ಲಿ ಸುರಿದ ಎಪಾಕ್ಸಿ ಮೂರು ದಿನ ಕಳೆದರೂ ಮೇಲೆ ಅಂಟಂಟು. ಬಿಳಿ ಪೊರೆಯೂ ಕಟ್ಟಿದೆ. ಬೇಗ ಒಣಗಲಿ ಅಂತ ಕೆಂಡದ ಅಗ್ಗಿಷ್ಟಿಕೆ ಪಕ್ಕದಲ್ಲಿ ಇಟ್ಟೆ, ಇನ್ನೂ ಜಾಸ್ತಿಯಾಯಿತು. ಯಾಕೆ?
– ಓದುಗರೊಬ್ಬರು, ಮಡಿಕೇರಿ

ಎಪಾಕ್ಸಿ ಒಣಗುವುದಿಲ್ಲ. ರೆಸಿನ್ ಮತ್ತು ಹಾರ್ಡನರ್ ಒಂದಕ್ಕೊಂದು ಸೇರಿ ಗಟ್ಟಿಯಾಗುತ್ತವೆ. ಚಳಿಯಲ್ಲಿ ಈ ಕ್ರಿಯೆ ನಿಧಾನ. ಆ ನಿಧಾನದ ಹೊತ್ತಿನಲ್ಲಿ ಮೇಲ್ಮೈಯ ಹಾರ್ಡನರ್, ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಬಿಳಿ ಪೊರೆ ಕಟ್ಟುತ್ತದೆ. ಮಡಿಕೇರಿಯ ಜುಲೈನಲ್ಲಿ ಚಳಿ, ತೇವ ಎರಡೂ ಧಾರಾಳ. ಕೆಂಡದಿಂದ ಬರುವುದು ಬರೀ ಬಿಸಿಯಲ್ಲ, ಇಂಗಾಲದ ಡೈಆಕ್ಸೈಡ್ ಕೂಡ. ಪೊರೆ ಜಾಸ್ತಿಯಾಗಿದ್ದು ಅದಕ್ಕೇ. ಗ್ಯಾಸ್ ಹೀಟರ್ ಇಟ್ಟರೂ ಇದೇ ಕಥೆ. ಬಾಗಿಲು ಹಾಕಿದ ಕೋಣೆಯಲ್ಲಿ ಕೆಂಡ ಇಡುವುದು ಜೀವಕ್ಕೇ ಅಪಾಯ, ಮಾಡೆಲ್ ಮಾತು ಹಾಗಿರಲಿ.

ಉಗುರಿನಿಂದ ಒತ್ತಿ ನೋಡಿ. ಪೊರೆಯ ಕೆಳಗೆ ಗಟ್ಟಿ ಇದ್ದರೆ ಚಿಂತೆಯಿಲ್ಲ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ಹಾಕಿ ಒರೆಸಿ ತೆಗೆಯಿರಿ, ಒಣಗಿಸಿ, 400 ನಂಬರಿನ ಉಪ್ಪುಕಾಗದದಲ್ಲಿ ಮೆಲ್ಲಗೆ ಉಜ್ಜಿ, ಬಿಸಿಲಿನ ದಿನ ಇನ್ನೊಂದು ತೆಳು ಪದರ ಸುರಿಯಿರಿ. ಉಗುರು ಒಳಗೇ ಇಳಿದರೆ ಅಳತೆ ತಪ್ಪಿದೆ, ಇಲ್ಲವೇ ಸರಿಯಾಗಿ ಬೆರೆತಿಲ್ಲ. ಎಷ್ಟು ಕಾದರೂ ಅದು ಗಟ್ಟಿಯಾಗುವುದಿಲ್ಲ, ಕೆರೆದು ತೆಗೆಯಲೇಬೇಕು. ಡಬ್ಬದ ಮೇಲಿನ ಅಳತೆ ತೂಕದ್ದೋ ಪ್ರಮಾಣದ್ದೋ ಅಂತ ಒಮ್ಮೆ ನೋಡಿಕೊಳ್ಳಿ. ಎರಡೂ ಒಂದೇ ಅಲ್ಲ. ಹಾರ್ಡನರ್ ಜಾಸ್ತಿ ಹಾಕಿದರೆ ಬೇಗ ಆಗುತ್ತದೆ ಅನ್ನುವುದೂ ಸುಳ್ಳು.

ಮಳೆಗಾಲದಲ್ಲೇ ಸುರಿಯಬೇಕೆಂದಿದ್ದರೆ ದೊಡ್ಡ ರಟ್ಟಿನ ಪೆಟ್ಟಿಗೆಯೊಳಗೆ ಹಳೇ ಕಾಲದ 40 ವ್ಯಾಟ್ ತಂತಿ ಬಲ್ಬ್ ಹಾಕಿ. ಎಲ್‌ಇಡಿ ಬಿಸಿಯಾಗದು. ಬಲ್ಬು ರಟ್ಟಿಗೆ ತಾಗದಿರಲಿ, ಉರಿಯುತ್ತಿರುವಾಗ ಬಿಟ್ಟು ಹೋಗಬೇಡಿ. ಬುಡವನ್ನು ಮೊದಲೇ ಅದರೊಳಗೆ ಬೆಚ್ಚಗೆ ಮಾಡಿಕೊಂಡು ಆಮೇಲೆ ಸುರಿಯಿರಿ. ಬಾಟಲಿಯ ರೆಸಿನ್ ಚಳಿಗೆ ಮಸುಕಾಗಿ ಕಾಳುಕಾಳಾಗಿದ್ದರೆ ಬಾಟಲಿಯನ್ನು ಬಿಸಿನೀರಿನಲ್ಲಿ ಇಟ್ಟರೆ ತಿಳಿಯಾಗುತ್ತದೆ. ಪ್ಲೈವುಡ್, ಪಿಒಪಿ ಬುಡಗಳು ತೇವ ಕುಡಿದಿರುತ್ತವೆ, ಪೇಂಟ್ ಬಳಿದು ಮುಚ್ಚದಿದ್ದರೆ ಗುಳ್ಳೆ ಏಳುತ್ತದೆ. ಪಾಲಿಯೆಸ್ಟರ್ ರೆಸಿನ್ನನ್ನು ಮಾತ್ರ ಥರ್ಮಾಕೋಲ್ ಮೇಲೆ ಸುರಿಯಲೇಬೇಡಿ, ಕರಗಿಸಿಬಿಡುತ್ತದೆ. ಕೈಗೆ ಗ್ಲೌಸ್ ಇರಲಿ, ಮಳೆಯಿದ್ದರೂ ಒಂದು ಕಿಟಕಿ ತೆರೆದಿರಲಿ.

ನನ್ನನ್ನು ಕೇಳಿದರೆ, ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಹಡಗು ಕಟ್ಟಿ. ಸಮುದ್ರವನ್ನು ಪುತ್ತರಿ ಸುಗ್ಗಿಹಬ್ಬ ಕಳೆದಮೇಲೆ, ಕಾಫಿ ಕುಯ್ಲಿನ ದಿನಗಳಲ್ಲಿ ಮಾಡಿ. ಆಗ ಬಿಸಿಲಿರುತ್ತದೆ. ಕಣದ ಧೂಳು ಕೂರದಂತೆ ಮೇಲೊಂದು ಡಬ್ಬ ಕವುಚಿದರೆ ಸಾಕು.

ಪ್ರಶ್ನೆ: ಕಾರವಾರದ ಬೀಚಿನಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆ ಮ್ಯೂಸಿಯಂ ನೋಡಿ ಬಂದು, ಅದನ್ನೇ 1:100ರಲ್ಲಿ ಮರದಿಂದ ಮಾಡುತ್ತಿದ್ದೇನೆ. ಓಡುತ್ತಿರುವಂತೆ ತೋರಿಸಬೇಕು. ಹಡಗಿನ ಹಿಂದಿನ ಅಲೆಗಳನ್ನು ಹೇಗೆ ಎಳೆಯಲಿ?
– ಓದುಗರೊಬ್ಬರು, ಕುಶಾಲನಗರ

ಒಳ್ಳೆಯ ಆಯ್ಕೆ. ಮೊದಲು ವೇಗ ನಿರ್ಧಾರ ಮಾಡಿ. ಅಲೆಗಳ ಆಕಾರವೆಲ್ಲ ಅದರಿಂದಲೇ ಹುಟ್ಟುತ್ತದೆ.

ಹಡಗಿನ ಹಿಂದೆ ಬಿಚ್ಚಿಕೊಳ್ಳುವ ಅಲೆಗಳ ಕೋನವನ್ನು ಲಾರ್ಡ್ ಕೆಲ್ವಿನ್ 1887ರಲ್ಲಿ ಲೆಕ್ಕ ಹಾಕಿದರು. ಆಳ ನೀರಿನಲ್ಲಿ ಅದು ಒಟ್ಟು ಸುಮಾರು 39 ಡಿಗ್ರಿ, ನಡುಗೆರೆಯ ಎರಡೂ ಕಡೆ ಹತ್ತೊಂಬತ್ತೂವರೆ. ಬಾತುಕೋಳಿಗೂ ಅಷ್ಟೇ, ದೊಡ್ಡ ಹಡಗಿಗೂ ಅಷ್ಟೇ. ಕಾಗದದಲ್ಲಿ ಈ ಕೋನ ಕತ್ತರಿಸಿ ಬುಡದ ಮೇಲಿಟ್ಟು ಗೆರೆ ಹಾಕಿಕೊಳ್ಳಿ. ಹಡಗಿನ ಮೂತಿಯಿಂದ ಒಂದು, ಹಿಂಭಾಗದಿಂದ ಇನ್ನೊಂದು. ಆದರೆ ಆ ಗೆರೆಯ ಉದ್ದಕ್ಕೂ ಒಂದೇ ಉದ್ದದ ಏಣು ಮಾಡಬೇಡಿ. ಅಲ್ಲಿರುವುದು ಸಣ್ಣ ಸಣ್ಣ ಅಲೆಗಳ ಸಾಲು. ಪ್ರತಿಯೊಂದೂ ಸ್ವಲ್ಪ ಓರೆಯಾಗಿ, ಒಂದರ ಹಿಂದೆ ಒಂದು ಮೆಟ್ಟಿಲು ಮೆಟ್ಟಿಲಾಗಿ ನಿಂತಿರುತ್ತದೆ.

ಇನ್ನು ಹಡಗಿನ ಮೈಗೆ ಅಂಟಿಕೊಂಡ ಅಲೆ. ಅದರ ಉದ್ದ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 15 ನಾಟ್ (ಗಂಟೆಗೆ ಸುಮಾರು 28 ಕಿಲೋಮೀಟರ್) ವೇಗದಲ್ಲಿ ಒಂದು ನೆತ್ತಿಯಿಂದ ಇನ್ನೊಂದು ನೆತ್ತಿಗೆ ಸುಮಾರು 38 ಮೀಟರ್. ಚಪಲ್ ಕ್ಷಿಪಣಿ ದೋಣಿಯ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಆ ವೇಗದಲ್ಲಿ ಮೂತಿಯ ಹತ್ತಿರ ಒಂದು ಉಬ್ಬು, ಹಿಂಭಾಗದಲ್ಲಿ ಒಂದು ಉಬ್ಬು, ನಡುವೆ ತಗ್ಗು. ನಿಮ್ಮ ಸ್ಕೇಲಿನಲ್ಲಿ ಎರಡು ಉಬ್ಬಿಗೆ ನಡುವೆ 38 ಸೆಂಟಿಮೀಟರ್. ನಡುವಿನ ತಗ್ಗಿನಲ್ಲಿ ಮಾಮೂಲಿಗಿಂತ ಕೆಳಗಿನ ಮೈ ಕಾಣುತ್ತದೆ, ಅಲ್ಲಿಗೂ ಪೇಂಟ್ ಬಳಿದಿರಬೇಕು.

30 ನಾಟ್‌ಗೆ ಏರಿಸಿದರೆ ಅದೇ ಅಲೆ ನಾಲ್ಕು ಪಟ್ಟು, 150 ಮೀಟರ್ ದಾಟುತ್ತದೆ. ಆಗ ಇಡೀ ದೋಣಿ ಒಂದೇ ಉಬ್ಬಿನ ಇಳಿಜಾರಿನಲ್ಲಿ ಕೂತಿರುತ್ತದೆ. ಮೂತಿ ಮೇಲೆ, ಹಿಂಭಾಗ ಕೆಳಗೆ. ದೋಣಿಯನ್ನು ಸಮತಟ್ಟಾಗಿ ಕೂರಿಸಿ ಹಿಂದೆ ರಾಶಿ ನೊರೆ ಹಾಕಿದರೆ ಓಡುವ ಹಾಗೆ ಕಾಣುವುದಿಲ್ಲ. ಗುಂಡಿಯನ್ನೇ ಓರೆಯಾಗಿ ಕೊರೆಯಿರಿ. ಇಂಥ ವೇಗದಲ್ಲಿ ಕಣ್ಣಿಗೆ ಎದ್ದು ಕಾಣುವ ಕೋನ 39 ಡಿಗ್ರಿಗಿಂತ ಕಿರಿದಾಗುತ್ತದೆ ಅನ್ನುವುದೂ ನೆನಪಿರಲಿ.

ಪ್ರೊಪೆಲ್ಲರ್ ಕಡೆದ ನೀರು ದೋಣಿಯಷ್ಟೇ ಅಗಲದ ಪಟ್ಟಿಯಾಗಿ ನೇರ ಹಿಂದಕ್ಕೆ ಹೋಗುತ್ತದೆ. ಹತ್ತಿರದಲ್ಲಿ ದಟ್ಟ ಬಿಳಿ, ಹಿಂದೆ ಹೋದಂತೆ ತಿಳಿಹಸಿರು. ಗಾಳಿ ನೀರಿನೊಳಗೆ ಸಿಕ್ಕಿ ಇನ್ನೂ ಮೇಲೆ ಬರುತ್ತಿರುವ ಹಸಿರು ಅದು. ಇದನ್ನು ಬಿಟ್ಟು ಬರೀ ಬಿಳಿ ಹಾಕಿದರೆ ಹಿಮದಂತಾಗುತ್ತದೆ. ಮೊದಲು ತಿಳಿಹಸಿರು ಬಳಿದು ಹೊಳಪಿನ ವಾರ್ನಿಷ್ ಕೊಡಿ, ಮೇಲೆ ಬಿಳಿಯನ್ನು ಹರಿದ ಬಲೆಯ ಹಾಗೆ ಬಿಡಿಬಿಡಿಯಾಗಿ ಹಾಕಿ. ಮೂತಿಯ ಎರಡೂ ಬದಿಗೆ ಸಿಡಿಯುವ ನೀರಿಗೆ ಹತ್ತಿಯ ಎಳೆಗಳನ್ನು ಆದಷ್ಟು ತೆಳುವಾಗಿ ಬಿಡಿಸಿ, ಜೆಲ್ ಮೀಡಿಯಂನಲ್ಲಿ ನೆನೆಸಿ ಅಂಟಿಸಿ. ಮಳೆಗಾಲವಾದರೆ ಜೆಲ್ಲಿನ ಹಾಲುಬಿಳಿ ಹೋಗಲು ದಿನಗಳೇ ಬೇಕಾಗಬಹುದು. ಫ್ಯಾನ್ ಹಾಕಿ ಕಾಯಿರಿ, ಮೇಲೆ ಮತ್ತೆ ಮತ್ತೆ ಬಳಿಯಬೇಡಿ.

ಪ್ರಶ್ನೆ: ಇಷ್ಟೆಲ್ಲ ಯಾಕೆ? 1:100ರ ಹಡಗನ್ನು ಸುಮ್ನೆ ತೋಟದ ಕೆರೆಯಲ್ಲೇ ತೇಲಿಸಿ ವಿಡಿಯೊ ತೆಗೆದರೆ ಆಗದಾ?
– ಓದುಗರೊಬ್ಬರು, ಸೋಮವಾರಪೇಟೆ

ವಿಡಿಯೊಗೆ ಆಗುತ್ತದೆ, ಫೋಟೊಗೆ ಕಷ್ಟ. ನೀರನ್ನು ಸ್ಕೇಲಿಗೆ ಇಳಿಸಲಾಗುವುದಿಲ್ಲ. ಸುಮಾರು 1.7 ಸೆಂಟಿಮೀಟರಿಗಿಂತ ಚಿಕ್ಕ ಅಲೆಗಳನ್ನು ಆಳುವುದು ನೀರಿನ ಮೇಲ್ಮೈ ಬಿಗಿತ, ಅದಕ್ಕಿಂತ ದೊಡ್ಡವನ್ನು ಗುರುತ್ವ. ಹಾಗಾಗಿ ಸಣ್ಣ ಅಲೆಗಳು ಕಡಲಿನವುಗಳಂತೆ ಮುರಿಯುವುದಿಲ್ಲ, ಹನಿಗಳೂ ಹಡಗಿನ ಮುಂದೆ ತೀರಾ ದೊಡ್ಡದಾಗಿ ಕಾಣುತ್ತವೆ.

ಆದರೆ ಓಡಾಟದ ಲೆಕ್ಕ ಸರಿ ಮಾಡಬಹುದು. ಸ್ಕೇಲಿನ ವರ್ಗಮೂಲದಷ್ಟು ಸಮಯ ಬದಲಾಗುತ್ತದೆ. ಹಡಗಿನ ಮಾದರಿಗಳನ್ನು ತೊಟ್ಟಿಯಲ್ಲಿ ಎಳೆದು ಪರೀಕ್ಷಿಸಿದ ವಿಲಿಯಂ ಫ್ರೌಡ್ 19ನೇ ಶತಮಾನದಲ್ಲೇ ಈ ನಿಯಮವನ್ನು ತೋರಿಸಿಕೊಟ್ಟರು. 1:100ಕ್ಕೆ ವರ್ಗಮೂಲ 10. ನಿಮ್ಮ ಮೊಬೈಲಿನ ಸ್ಲೋಮೋದಲ್ಲಿ ಸೆಕೆಂಡಿಗೆ 240 ಫ್ರೇಮ್ ಇದ್ದರೆ, ಅದನ್ನು 24 ಫ್ರೇಮಿಗೆ ಇಳಿಸಿ ನೋಡಿ. ಸರಿಯಾಗಿ ಹತ್ತು ಪಟ್ಟು ನಿಧಾನ. 30 ನಾಟ್ ಹಡಗಿಗೆ ಮಾಡೆಲ್ಲನ್ನು 3 ನಾಟ್‌ನಲ್ಲಿ, ಅಂದರೆ ಸೆಕೆಂಡಿಗೆ ಒಂದೂವರೆ ಮೀಟರ್ ವೇಗದಲ್ಲಿ ಎಳೆಯಬೇಕು. ದಡದಲ್ಲಿ ದಾರ ಹಿಡಿದು ಚುರುಕಾಗಿ ನಡೆದರೆ ಸಾಕು. ಕ್ಯಾಮೆರಾ ನೀರಿಗೆ ತಾಗುವಷ್ಟು ಕೆಳಗಿರಲಿ, ಗಾಳಿ ಇಲ್ಲದ ಬೆಳಗ್ಗೆ ತೆಗೆಯಿರಿ. ಹಿನ್ನೆಲೆಯಲ್ಲಿ ಕಾಫಿ ಗಿಡ, ಸಿಲ್ವರ್ ಓಕ್ ಬಾರದಂತೆ ಆಚೆ ದಡಕ್ಕೊಂದು ಬೂದು ಬಟ್ಟೆ ಕಟ್ಟಿ.