ಓದುಗರ ಪ್ರಶ್ನೆ: ಕಡಲ ಕಾವಲು ಯಾರ ಕೆಲಸ?

ಪ್ರಶ್ನೆ: ನೌಕಾಪಡೆ ಇರುವಾಗ ಕೋಸ್ಟ್ ಗಾರ್ಡ್ ಎಂಬ ಇನ್ನೊಂದು ಪಡೆ ಯಾಕೆ ಬೇಕಾಯಿತು?
– ಓದುಗರು, ಕೆಜಿಎಫ್

ಉತ್ತರ: ನಿಮ್ಮೂರಿಗೂ ಈ ಪ್ರಶ್ನೆಗೂ ಚಿನ್ನದ ನಂಟಿದೆ. 1960–70ರ ದಶಕಗಳಲ್ಲಿ ಕೋಲಾರದ ಗಣಿಯ ಚಿನ್ನ ದೇಶದ ಬೇಡಿಕೆಗೆ ಏನೇನೂ ಸಾಲುತ್ತಿರಲಿಲ್ಲ, ಆಮದಿಗೆ ಬಿಗಿ ನಿರ್ಬಂಧವಿತ್ತು. ಹಾಗಾಗಿ ಚಿನ್ನ, ಕೈಗಡಿಯಾರ, ಬಟ್ಟೆ ಎಲ್ಲವೂ ಕೊಲ್ಲಿಯ ಕಡೆಯಿಂದ ದೋಣಿಯಲ್ಲಿ ಕದ್ದು ಬರುತ್ತಿದ್ದವು. ಯುದ್ಧಕ್ಕೆಂದು ಕಟ್ಟಿದ ಹಡಗನ್ನು ಕಳ್ಳದೋಣಿಯ ಬೆನ್ನಿಗೆ ಬಿಡುವುದು ದುಬಾರಿ, ನೌಕಾಪಡೆಯ ಮುಖ್ಯ ಕೆಲಸಕ್ಕೂ ಅಡ್ಡಿ. 1974ರಲ್ಲಿ ಕೆ.ಎಫ್. ರುಸ್ತಂಜಿ ನೇತೃತ್ವದ ಸಮಿತಿ ರಚನೆಯಾಯಿತು. ಅದು ಪ್ರತ್ಯೇಕ ಪಡೆ ಬೇಕೆಂದಿತು. 1977ರ ಫೆಬ್ರವರಿ 1ರಂದು 2 ಹಳೆಯ ಫ್ರಿಗೇಟ್, 5 ಗಸ್ತು ದೋಣಿಗಳೊಂದಿಗೆ ಕೆಲಸ ಶುರುವಾಯಿತು, ಮರುವರ್ಷ ಕಾಯಿದೆ ಬಂತು.

ದಡದಿಂದ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿ.ಮೀ. ತನಕ ಕಡಲು ನಮ್ಮ ನೆಲವಿದ್ದಂತೆ. 200 ಮೈಲಿನ (370 ಕಿ.ಮೀ.) ತನಕ ಮೀನು, ತೈಲದ ಹಕ್ಕು ನಮ್ಮದು. ಇಷ್ಟು ನೀರಿನಲ್ಲಿ ಕಳ್ಳ ಮೀನುಗಾರಿಕೆ ತಡೆಯುವುದು, ಸೋರಿದ ಎಣ್ಣೆ ಬಳಿಯುವುದು, ಮುಳುಗುವವರನ್ನು ಎತ್ತುವುದು ಈ ಪಡೆಯ ದಿನನಿತ್ಯದ ಕೆಲಸ. 2022ರ ಜೂನ್‌ನಲ್ಲಿ ಉಳ್ಳಾಲದ ಬಳಿ ‘ಪ್ರಿನ್ಸೆಸ್ ಮಿರಾಲ್’ ಹಡಗಿನೊಳಗೆ ನೀರು ನುಗ್ಗಿದಾಗ 15 ಸಿರಿಯಾ ನಾವಿಕರನ್ನು ಉಳಿಸಿದ್ದು ಇವರೇ.

ಪ್ರಶ್ನೆ: ಮಕ್ಕಳನ್ನು ಮುರುಡೇಶ್ವರಕ್ಕೆ ಪ್ರವಾಸ ಕರೆದೊಯ್ಯುತ್ತೇವೆ. ಅಲ್ಲಿ ಕೋಸ್ಟ್ ಗಾರ್ಡ್ ಇರುತ್ತದಲ್ಲ, ಭಯವಿಲ್ಲ ತಾನೇ?
– ಶಿಕ್ಷಕರು, ಮುಳಬಾಗಿಲು

ಉತ್ತರ: ದಯವಿಟ್ಟು ಆ ನಂಬಿಕೆಯಲ್ಲಿ ಹೊರಡಬೇಡಿ. 2024ರ ಡಿಸೆಂಬರ್‌ನಲ್ಲಿ ನಿಮ್ಮದೇ ತಾಲ್ಲೂಕಿನ ನಾಲ್ವರು ವಿದ್ಯಾರ್ಥಿನಿಯರು ಅದೇ ಕಡಲಲ್ಲಿ ತೀರಿಕೊಂಡರು. ಕೋಸ್ಟ್ ಗಾರ್ಡ್ ಹಡಗುಗಳು ಆಳನೀರಿನಲ್ಲಿರುತ್ತವೆ. ಬೀಚಿನಲ್ಲಿ ಕಾಯುವವರು ಜೀವರಕ್ಷಕರು, ದಡದ ಗಸ್ತು ಕರಾವಳಿ ಕಾವಲು ಪೊಲೀಸರದು. ದೋಣಿಯಲ್ಲಿ ದೂರ ಹೋದವರು ಸಿಕ್ಕಿಕೊಂಡರೆ 1554, ದಡದಲ್ಲಿ ಅನಾಹುತವಾದರೆ 112.

ಕೆರೆಯಲ್ಲಿ ಈಜಿ ಬಲ್ಲವರಿಗೇ ಕಡಲು ಹೆಚ್ಚು ಮೋಸ ಮಾಡುತ್ತದೆ. ಕೆರೆನೀರು ನಿಂತ ನೀರು. ಕಡಲಲ್ಲಿ ಅಲೆ ತಂದು ಸುರಿದ ನೀರು ಮರಳದಿಬ್ಬದ ಸಂದಿಯಲ್ಲಿ ಕಾಲುವೆಯಂತೆ ಹಿಂದಕ್ಕೆ ಓಡುತ್ತದೆ. ಆ ಜಾಗದಲ್ಲಿ ಅಲೆ ಒಡೆಯುವುದಿಲ್ಲ, ನೀರು ಕಪ್ಪಗೆ, ಶಾಂತವಾಗಿ ಕಾಣುತ್ತದೆ. ಮಕ್ಕಳು ಇಳಿಯುವುದೂ ಅಲ್ಲಿಗೇ. ಈ ಸೆಳೆತ ಕೆಳಕ್ಕೆ ಎಳೆಯುವುದಿಲ್ಲ, ಒಳಗಡಲಿಗೆ ಒಯ್ಯುತ್ತದೆ. ದಡದತ್ತ ನೇರವಾಗಿ ಈಜಿ ಸುಸ್ತಾದವರು ಮುಳುಗುತ್ತಾರೆ. ತೇಲುತ್ತಾ ಕೈ ಎತ್ತಿ ಕೂಗಬೇಕು, ದಡಕ್ಕೆ ಸಮಾನಾಂತರವಾಗಿ ಅಡ್ಡ ಈಜಬೇಕು, ಸೆಳೆತ ತಪ್ಪಿದ ಮೇಲೆ ಅಲೆಯ ಜೊತೆ ಮರಳಬೇಕು.

ಕಾಪಾಡಲು ಇನ್ನೊಬ್ಬರು ಧುಮುಕುವುದರಿಂದಲೇ ಸಾವು ಹೆಚ್ಚುತ್ತದೆ. ಬಸ್ಸಿನಲ್ಲಿ ಮುಚ್ಚಳ ಭದ್ರವಿರುವ ಖಾಲಿ 5 ಲೀಟರ್ ಕ್ಯಾನ್‌ಗಳನ್ನೂ ಉದ್ದದ ಹಗ್ಗವನ್ನೂ ಇಟ್ಟುಕೊಳ್ಳಿ, ಕ್ಯಾನಿಗೆ ಹಗ್ಗ ಕಟ್ಟಿ ಎಸೆಯಿರಿ. ಮೇಲೆತ್ತಿದವರ ಹೊಟ್ಟೆ ಒತ್ತುವುದು, ತಲೆಕೆಳಗೆ ಮಾಡುವುದು ತಪ್ಪು: ಹೊಟ್ಟೆಯಲ್ಲಿದ್ದದ್ದು ಶ್ವಾಸನಾಳಕ್ಕೆ ಹೋಗುತ್ತದೆ. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, ನಂತರ ಎದೆಯನ್ನು 30 ಸಲ ಒತ್ತಿ 2 ಉಸಿರು, ಹೀಗೆ ನೆರವು ಬರುವ ತನಕ ನಿಲ್ಲಿಸದೆ ಮಾಡಿ. ಕೆಂಪು ಬಾವುಟ ಹಾರಿದ ದಿನ ಪಾದ ನೆನೆಸುವುದೂ ಬೇಡ.

ಪ್ರಶ್ನೆ: ಪಿಯುಸಿ ಮುಗಿಸಿದ್ದೇನೆ. ಕೋಸ್ಟ್ ಗಾರ್ಡ್ ಸೇರಬಹುದೇ?
– ವಿದ್ಯಾರ್ಥಿ, ಮಾಲೂರು

ಉತ್ತರ: ಗಣಿತ, ಭೌತಶಾಸ್ತ್ರ ಓದಿದ್ದರೆ ನಾವಿಕ್ ಜನರಲ್ ಡ್ಯೂಟಿಗೆ ಅರ್ಜಿ ಹಾಕಿ. ಓಟ 1.6 ಕಿ.ಮೀ., ಸಮಯ 7 ನಿಮಿಷ. ಜೊತೆಗೆ 20 ಬಸ್ಕಿ, 10 ದಂಡ. ನಮ್ಮ ಹುಡುಗರು ಎಡವುವುದು ಓಟಕ್ಕಿಂತ ಕಾಗದದಲ್ಲಿ. ರಾಜ್ಯದ 2ಎ, 3ಎ ಪ್ರಮಾಣಪತ್ರ ಅಲ್ಲಿ ನಡೆಯುವುದಿಲ್ಲ. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿದ್ದರೆ ಕೇಂದ್ರ ನಮೂನೆಯ ಪತ್ರವನ್ನು ತಹಶೀಲ್ದಾರರಿಂದ ಮೊದಲೇ ಮಾಡಿಸಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್ ಎರಡರಲ್ಲೂ ಹೆಸರು, ಇನಿಷಿಯಲ್, ಹುಟ್ಟಿದ ದಿನ ಅಕ್ಷರಶಃ ಒಂದೇ ಇರಲಿ. ವೈದ್ಯಕೀಯ ಪರೀಕ್ಷೆಗೆ ಹೋಗುವ ಮೊದಲು ಕಿವಿಯ ಗುಗ್ಗೆ, ಹಲ್ಲಿನ ಪಾಚಿ ತೆಗೆಸಿಕೊಳ್ಳಿ.