ಛತ್ತಾ ಚೌಕ್ ದಾಟಿ ಓಡಬೇಡಿ

ಮೇಡಂ, ಹೈಸ್ಕೂಲ್ ಮಕ್ಕಳನ್ನು ದೆಹಲಿಯ ಕೆಂಪುಕೋಟೆಗೆ ಕರೆದೊಯ್ಯುವಾಗ ಛತ್ತಾ ಚೌಕ್‌ನಲ್ಲಿ ನಿಲ್ಲಬೇಕೋ, ನೇರ ದಿವಾನ್-ಇ-ಆಮ್‌ಗೆ (ಬಾದಶಹ ಜನರ ಅಹವಾಲು ಕೇಳುತ್ತಿದ್ದ ದರ್ಬಾರು ಮಂಟಪ) ಹೋಗಬೇಕೋ ಅಂತ ಕೇಳಿದ್ದೀರಿ. ದಯವಿಟ್ಟು ನಿಲ್ಲಿ. ಕೋಟೆಯ ಮುಖ್ಯ ಬಾಗಿಲಾದ ಲಾಹೋರಿ ಗೇಟ್ ದಾಟಿದ ಕೂಡಲೇ ಸಿಗುವ ಈ ಬಜಾರಿಗೆ ಉದ್ದಕ್ಕೂ ಕಮಾನು ಚಾವಣಿಯಿದೆ. ಪೇಟೆಗಳು ಬಯಲಲ್ಲೇ ಇರುತ್ತಿದ್ದ 17ನೇ ಶತಮಾನದ ಹಿಂದೂಸ್ತಾನದಲ್ಲಿ ಇದು ಬಲು ಅಪರೂಪ. ಪೇಶಾವರದಲ್ಲಿ ಇಂಥದ್ದನ್ನು ಕಂಡು ಷಹಜಹಾನ್ ಇಲ್ಲೂ ಕಟ್ಟಿಸಿದ ಎನ್ನುತ್ತಾರೆ. ಆಗ ರೇಷ್ಮೆ, ಜರಿ, ಒಡವೆ ಮಾರುತ್ತಿದ್ದ ಕಮಾನುಗಳಲ್ಲಿ ಈಗ ಬಳೆ, ಬ್ಯಾಗು.

ಮಕ್ಕಳನ್ನು ನಡುವಿನ ಎಂಟು ಮೂಲೆಯ ಅಂಗಳದಲ್ಲಿ ನಿಲ್ಲಿಸಿ, ತಲೆಯೆತ್ತಿ ನೋಡಲು ಹೇಳಿ. ಅಲ್ಲಿ ಮಾತ್ರ ಚಾವಣಿಯಿಲ್ಲ, ಗಾಳಿ-ಬೆಳಕಿಗೆಂದೇ ಬಿಟ್ಟದ್ದು. ಕಾರಣ ಅವರೇ ಊಹಿಸಲಿ, ನೀವು ಮೊದಲೇ ಹೇಳಬೇಡಿ. ಖರೀದಿಯನ್ನು ವಾಪಸು ಬರುವಾಗ ಇಟ್ಟುಕೊಳ್ಳಿ, ಇಲ್ಲದಿದ್ದರೆ ಯಾರೂ ಮುಂದಕ್ಕೆ ಕದಲುವುದಿಲ್ಲ. ಸೋಮವಾರ ಕೋಟೆಗೆ ರಜೆ. ರೈಲು ಬುಕ್ ಮಾಡುವ ಮೊದಲೇ ನೋಡಿಕೊಳ್ಳಿ.